ಪಾಗಾರಕ್ಕೆ ಬೆತ್ತ ಬೇಡ, ಕಾಟುಮಾವಿಗೆ ಬಿಡಿ

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ 30 ಸೆಂಟ್ಸ್ ಜಾಗ. ಮನೆ, ಬಾವಿ, ಎಂಟು ತೆಂಗು, ಒಂದು ಹಳೇ ಹಲಸು ಇದೆ. ಹಿಂದುಗಡೆ ಸಣ್ಣ ತೋಡು (ಹಳ್ಳ), ಅದರ ಬದಿಯಲ್ಲಿ ಒಂದು ಪಾಲೆ ಮರ, ಒಂದು ಕಾಟುಮಾವು (ಕಾಡುಮಾವು). ಸುಳ್ಯದ ನೆಂಟರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೂರು ಬೆತ್ತದ ಗಿಡ ಕೊಟ್ಟಿದ್ದಾರೆ. ರಸ್ತೆ ಬದಿಯ ಪಾಗಾರದ (ಕಾಂಪೌಂಡ್ ಗೋಡೆಯ) ಉದ್ದಕ್ಕೆ ನೆಟ್ಟರೆ ಮುಳ್ಳುಬೇಲಿಯೂ ಆಯ್ತು, ಮುಂದೆ ಮಾರಲಿಕ್ಕೆ ಬೆತ್ತವೂ ಆಯ್ತು ಅಂತ ನಮ್ಮ ಮನೆಯವರ ಲೆಕ್ಕ. ಅತ್ತೆಗೆ ಮನಸ್ಸಿಲ್ಲ, ಬೆತ್ತ ಇದ್ದಲ್ಲಿ ಹಾವು ಬರುತ್ತದೆ ಅನ್ನುತ್ತಾರೆ. ನೆಂಟರು ಹೇಳಿದ್ದು ಉಲ್ಟಾ, ಬೆತ್ತ ಇದ್ದಲ್ಲಿಗೆ ಹಾವು ಸುಳಿಯುವುದಿಲ್ಲವಂತೆ. ಯಾರ ಮಾತು ಸರಿ? ಎಷ್ಟು ವರ್ಷಕ್ಕೆ ಕಡಿಯಬಹುದು? ಕಡಿದರೆ ಅರಣ್ಯ ಇಲಾಖೆಯ ತಕರಾರು ಉಂಟಾ?

ಉತ್ತರ: ಪಾಗಾರದ ಉದ್ದಕ್ಕೆ ನೆಡಬೇಡಿ. ಉಳಿದದ್ದನ್ನು ಆಮೇಲೆ ಮಾತಾಡುವ, ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ.

ತೊಟ್ಟೆಯಲ್ಲಿರುವಾಗ ಬೆತ್ತದ ಗಿಡ ಒಂದೆರಡು ಅಡಿ ಇರುತ್ತದೆ. ನೋಡಲಿಕ್ಕೆ ಚಂದ, ಅಡಿಕೆ ಸಸಿಯ ತಂಗಿಯ ಹಾಗೆ. ಎಲ್ಲರೂ ಮೋಸ ಹೋಗುವುದು ಅಲ್ಲಿಯೇ. ಇದು ತೆಂಗು, ಅಡಿಕೆ, ಬೈನೆಯ ಕುಟುಂಬದ್ದೇ ಆದರೂ ತನ್ನ ಕಾಲ ಮೇಲೆ ನಿಲ್ಲುವ ಗಿಡ ಅಲ್ಲ. ಕಾಂಡ ಸಪೂರ, ಉದ್ದ ವಿಪರೀತ. ಮಲೇಷ್ಯಾ ಕಡೆ 100 ಮೀಟರ್ ದಾಟಿದ ಬೆತ್ತಗಳನ್ನು ಅಳೆದದ್ದುಂಟು. ನಮ್ಮ ಘಟ್ಟದ ಬೆತ್ತಗಳು ಅಷ್ಟು ಹೋಗುವುದಿಲ್ಲ, ಆದರೂ ಒಂದು ದೊಡ್ಡ ಮರದ ತಲೆ ಮುಟ್ಟುವಷ್ಟು ಹೋಗುತ್ತವೆ. ಹಿಡಿದುಕೊಳ್ಳಲು ಮರ ಸಿಗದಿದ್ದರೆ ಸುಮ್ನೆ ಕೂರುವುದಿಲ್ಲ, ನೆಲದ ಮೇಲೆ ಅಡ್ಡಾದಿಡ್ಡಿ ಮಲಗಿ ಒಂದು ಮುಳ್ಳಿನ ಗುಡ್ಡೆ ಆಗುತ್ತದೆ. ನಿಮ್ಮ ಪಾಗಾರ ಎಷ್ಟು ಎತ್ತರ, ಐದಡಿಯಾ? ಅದನ್ನು ಬೆತ್ತ ಮೂರು-ನಾಲ್ಕು ವರ್ಷದಲ್ಲಿ ದಾಟಿ ರಸ್ತೆಗೆ ಕೈ ಚಾಚುತ್ತದೆ. ಶಾಲೆಗೆ ಹೋಗುವ ಮಕ್ಕಳ ಚೀಲ, ಬೈಕಿನವರ ಅಂಗಿ, ಆಚೆಮನೆಯವರ ದನ, ಒಂದೊಂದೇ ಸಿಕ್ಕಿಬೀಳಲು ಶುರುವಾಗುತ್ತದೆ. ಆಮೇಲೆ ಕಡಿಯುವುದಕ್ಕೆ ಜನ ಹುಡುಕಬೇಕು. ರಸ್ತೆ ಬದಿ ಅಂದ ಮೇಲೆ ಮೇಲೆ ಕರೆಂಟಿನ ವೈರೂ ಇದ್ದೇ ಇರುತ್ತದೆ, ಅಲ್ವಾ?

ಬೆತ್ತದ ವಿಷಯದಲ್ಲಿ ಎಲ್ಲರೂ ಗಿಡ ಹೇಗೆ ನೆಡುವುದು ಅಂತ ಕೇಳುತ್ತಾರೆ. ನೆಡುವುದು ಸುಲಭ. ಮೊದಲು ನೋಡಬೇಕಾದ್ದು ಅದು ಯಾವ ಮರ ಹತ್ತುತ್ತದೆ ಮತ್ತು ಆ ಮರದ ಕೆಳಗೆ ಯಾರು ಓಡಾಡುತ್ತಾರೆ ಅನ್ನುವುದನ್ನು. ಒಮ್ಮೆ ಹತ್ತಿದ ಬೆತ್ತವನ್ನು ಇನ್ನೊಂದು ಮರಕ್ಕೆ ಬದಲಿಸಲಿಕ್ಕೆ ಆಗುವುದಿಲ್ಲ.

ನಾನು ಇದನ್ನು ಪುಸ್ತಕದಿಂದ ಕಲಿತದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯ ಬಚ್ಚಲಿನ ಹಿಂದೆ ಒಂದು ಬೆತ್ತ ನೆಟ್ಟೆ. ಬಚ್ಚಲಿನ ನೀರು ಹೋಗುವ ಜಾಗ, ಸದಾ ತಂಪು, ಪಕ್ಕದಲ್ಲಿ ಹೆಬ್ಬಲಸಿನ ಮರ. ಗಿಡಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಲೆಕ್ಕ. ಗಿಡಕ್ಕೆ ಒಳ್ಳೆಯದೇ ಆಯಿತು. ಐದನೇ ವರ್ಷ ಒಂದು ಬೆಳಗ್ಗೆ ಬೈರಾಸು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋಗುತ್ತಿದ್ದೆ. ಯಾರೋ ಹಿಂದಿನಿಂದ ಬೈರಾಸು ಹಿಡಿದ ಹಾಗಾಯಿತು. ತಿರುಗಿದರೆ ಯಾರೂ ಇಲ್ಲ. ಎಳೆದೆ. ಬೈರಾಸು ಹರಿಯಿತು, ತಿರುಗುವ ಭರದಲ್ಲಿ ಕಿವಿಯೂ ಸಿಕ್ಕಿಕೊಂಡಿತು. ಕಿವಿ ಬಿಡಿಸಲು ನಮ್ಮ ಮನೆಯವಳೇ ಬರಬೇಕಾಯಿತು. ನಗುವುದು ನಿಲ್ಲಿಸಿ ಬಿಡಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹಿಡಿದದ್ದು ಮುಳ್ಳಲ್ಲ, ಚಾಟಿ. ಇದನ್ನು ಹತ್ತಿರದಿಂದ ನೋಡಿದರೆ ಬೆತ್ತದ ಬುದ್ಧಿ ಗೊತ್ತಾಗುತ್ತದೆ. ಹಿಡಿಸೂಡಿ ಕಡ್ಡಿಯಷ್ಟು ಸಪೂರದ ಒಂದು ಉದ್ದ ಎಳೆ, ಗಾಳಿಗೆ ಅಲ್ಲಾಡುತ್ತಾ ಜೋತಿರುತ್ತದೆ. ಅದರ ಮೈಮೇಲೆ ಬೆಕ್ಕಿನ ಉಗುರಿನ ಹಾಗೆ ಬಾಗಿದ ಕೊಕ್ಕೆಗಳು. ಒಂದೊಂದೂ ಅಕ್ಕಿಕಾಳಿಗಿಂತ ದೊಡ್ಡದಿಲ್ಲ. ಎರಡು, ಮೂರು ಕೊಕ್ಕೆ ಒಟ್ಟಿಗೆ, ಪಂಜ ಬಿಡಿಸಿದ ಹಾಗೆ ಕೂತಿರುತ್ತವೆ, ತುದಿ ಕಪ್ಪು. ಎಲ್ಲವೂ ಬುಡದ ಕಡೆಗೇ ಮುಖ ಮಾಡಿವೆ. ಹಾಗಾಗಿ ಚಾಟಿ ಮುಂದೆ ಹೋಗುವಾಗ ಎಲ್ಲಿಯೂ ತಡೆಯುವುದಿಲ್ಲ, ಹಿಂದೆ ಜಾರಲು ಹೊರಟರೆ ಅಲ್ಲೇ ಕಚ್ಚುತ್ತದೆ. ಮರ ಗಾಳಿಗೆ ಓಲಾಡಿದಷ್ಟೂ ಚಾಟಿ ಒಂದೊಂದು ಕೊಕ್ಕೆ ಮೇಲೆ ಮೇಲೆ ಸಿಕ್ಕಿಸಿಕೊಳ್ಳುತ್ತದೆ. ಕೆಲವು ಬೆತ್ತದಲ್ಲಿ ಈ ಚಾಟಿ ಎಲೆಯ ತುದಿಯೇ ಉದ್ದವಾಗಿ ಆದದ್ದು. ಇನ್ನು ಕೆಲವದರಲ್ಲಿ ಎಲೆಯ ಬುಡದಿಂದ ಬೇರೆಯೇ ಹೊರಡುತ್ತದೆ, ಅದು ಹೂ ಬಿಡಬೇಕಾಗಿದ್ದ ಗೊನೆ, ಹೂ ಬಿಡುವುದು ಬಿಟ್ಟು ಗಾಳ ಆಗಿದೆ. ಸಿಕ್ಕಿಬಿದ್ದರೆ ಮಾಡಬೇಕಾದ್ದು ಒಂದೇ, ಮುಂದೆ ಎಳೆಯಬೇಡಿ, ಒಂದು ಹೆಜ್ಜೆ ಹಿಂದೆ ಹೋಗಿ. ಅಲ್ಲಿಗೆ ಕೊಕ್ಕೆ ತಾನಾಗಿ ಸಡಿಲ ಆಗುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ.

ಕಾಂಡದ ಮೇಲೆ ಕಾಣುವ ನೆಟ್ಟಗಿನ ಮುಳ್ಳು ಬೇರೆ. ನಿಜ ಹೇಳಬೇಕೆಂದರೆ ಅದು ಕಾಂಡದ್ದೇ ಅಲ್ಲ. ಅಡಿಕೆಯ ಹಾಳೆ ಮರವನ್ನು ಅಪ್ಪಿಕೊಂಡಿರುವುದನ್ನು ನೀವು ನೋಡಿದ್ದೀರಿ. ಬೆತ್ತಕ್ಕೂ ಹಾಗೇ ಹಾಳೆ ಇದೆ. ಆ ಹಾಳೆಯ ಹೊರಮೈ ತುಂಬ ಮುಳ್ಳು. ಹಾಳೆ ಒಣಗಿ ಉದುರಿದರೆ ಒಳಗಿರುವುದು ನಾವು ನೋಡಿದ ನುಣ್ಣಗಿನ ಬೆತ್ತ, ಶಾಲೆಯಲ್ಲಿ ಮಾಷ್ಟ್ರ ಕೈಯಲ್ಲಿ ಇದ್ದದ್ದು. ಬಿದಿರಿನ ಹಾಗೆ ಪೊಳ್ಳಲ್ಲ, ಒಳಗೆ ಪೂರ್ತಿ ಗಟ್ಟಿ. ಹಾಗಾಗಿಯೇ ಬಾಗಿಸಿದರೂ ಸೀಳುವುದಿಲ್ಲ.

ಈಗ ನಿಮ್ಮ ಮೂರು ಗಿಡಗಳ ವಿಷಯ. ಅವು ಬೆತ್ತ ಹೌದಾ ಅಂತ ಮೊದಲು ನೋಡಿಕೊಳ್ಳಿ. ನೆಂಟರ ಮೇಲೆ ಸಂಶಯ ಅಲ್ಲ ಮಾರಾಯ್ರೆ, ನನಗೇ ಒಮ್ಮೆ ಹೀಗಾಗಿದೆ. ಒಂದು ನರ್ಸರಿಯವರು ಬೆತ್ತ ಅಂತ ಹೇಳಿ ಎರಡು ಗಿಡ ಕೊಟ್ಟರು. ನಾನೂ ಮುಳ್ಳು ಕಂಡದ್ದೇ ಖುಷಿಯಲ್ಲಿ ತಂದೆ. ಎರಡು ವರ್ಷ ಸಾಕಿದ ಮೇಲೆ ನೋಡಿದರೆ ಈಚಲು! ತಪ್ಪು ನನ್ನದೂ ಹೌದು, ಎಲೆಯನ್ನು ತಿರುಗಿಸಿ ನೋಡಿದ್ದರೆ ಅಲ್ಲಿಯೇ ಗೊತ್ತಾಗುತ್ತಿತ್ತು. ಗರಿಯ ಒಂದು ಎಸಳನ್ನು ಅದು ದಂಟಿಗೆ ಸೇರುವ ಜಾಗದಲ್ಲಿ ಹಿಡಿದು ನೋಡಿ. ಹಂಚಿನ ಮಾಡಿನ ಹಾಗೆ ನಡು ಮೇಲೆ, ಎರಡು ಬದಿ ಕೆಳಗೆ ಇಳಿದಿದ್ದರೆ ಅದು ಬೆತ್ತ ಇರಬಹುದು. ತೆಂಗು, ಅಡಿಕೆಯದ್ದೂ ಹಾಗೇ. ದೋಣಿಯ ಹಾಗೆ ನಡು ಕೆಳಗಿದ್ದು, ನೀರು ಹಾಕಿದರೆ ನಿಲ್ಲುವಂತಿದ್ದರೆ ಈಚಲು. ಈಚಲಿನ ಮುಳ್ಳು ಗರಿದಂಟಿನ ಬುಡದಲ್ಲಿ ಎಸಳೇ ಗಟ್ಟಿಯಾಗಿ ಆದದ್ದು. ಬೆತ್ತದ್ದು ಹಾಳೆಯ ಮೈಯಿಂದ ಎದ್ದದ್ದು. ಬೆತ್ತದ ಎಸಳಿನ ಅಂಚಿನಲ್ಲಿ ಬೆರಳು ಹಿಂದೆ ಎಳೆದರೆ ಸಣ್ಣ ಕೂದಲಿನಂಥ ಮುಳ್ಳೂ ತಾಗುತ್ತದೆ.

ಬೆತ್ತವೇ ಆಗಿದ್ದರೆ ಯಾವ ಬೆತ್ತ ಅಂತ ನೆಂಟರಲ್ಲಿ ಕೇಳಿ. ಪಶ್ಚಿಮ ಘಟ್ಟದಲ್ಲಿ ಇಪ್ಪತ್ತರ ಆಸುಪಾಸು ಜಾತಿ ಇವೆ. ಎಲ್ಲ ಕ್ಯಾಲಮಸ್ ಅನ್ನುವ ಒಂದೇ ಗುಂಪಿನವು. ಸುಳ್ಯ, ಸುಬ್ರಹ್ಮಣ್ಯ ಕಡೆಯದ್ದು ಅಂದರೆ ನನಗೆ ಮೊದಲು ನೆನಪಾಗುವುದು ಹಂದಿಬೆತ್ತ ಮತ್ತು ನಾಗಬೆತ್ತ. ಹಂದಿಬೆತ್ತ ದಪ್ಪ ಜಾತಿ, ಹಾಳೆ ಸಮೇತ ಹಿಡಿದರೆ ಮಣಿಕಟ್ಟಿನಷ್ಟು ಬರುತ್ತದೆ, ಬುಡದಲ್ಲಿ ಮರಿ ಹಾಕಿ ಹಿಂಡಾಗುತ್ತದೆ. ಕುರ್ಚಿಯ ಕಾಲಿಗೆ ಬೇಕಾದ್ದು ಇದು. ನಾಗಬೆತ್ತದ ಕಥೆ ಚಂದ. ಸಸ್ಯಶಾಸ್ತ್ರದವರು ಅದನ್ನು ಹೊಸ ಜಾತಿ ಅಂತ ಗುರುತಿಸಿ ಹೆಸರಿಟ್ಟದ್ದು 1970ರಲ್ಲಿ. ಇಟ್ಟ ಹೆಸರು ಕ್ಯಾಲಮಸ್ ನಾಗಬೆಟ್ಟೈ, ನಮ್ಮ ಊರಿನವರು ಕರೆಯುವ ಹೆಸರನ್ನೇ ಲ್ಯಾಟಿನ್ ಮಾಡಿದ್ದು. ಕುಕ್ಕೆಯಲ್ಲಿ ಚಂಪಾ ಷಷ್ಠಿಯ ರಥ ಎಳೆಯುವುದು ಹಗ್ಗದಿಂದ ಅಲ್ಲ, ಬೆತ್ತದಿಂದ. ಕಾಡಿನಿಂದ ಬೆತ್ತ ತರುವುದು, ರಥ ಕಟ್ಟುವುದು ಅಲ್ಲಿನ ಬುಡಕಟ್ಟಿನ ಮಲೆಕುಡಿಯರು. ರಥ ಎಳೆದಾದ ಮೇಲೆ ಜನ ಆ ಬೆತ್ತದ ಚೂರಿಗೆ ಮುಗಿಬೀಳುತ್ತಾರೆ, ಮನೆಯಲ್ಲಿಟ್ಟರೆ ಹಾವಿನ ಭಯ ಇಲ್ಲ ಅಂತ ನಂಬಿಕೆ. ನಿಮ್ಮ ನೆಂಟರ ಮಾತಿನ ಬೇರು ಇರುವುದು ಅಲ್ಲಿ.

ಹಾಗಾದರೆ ಹಾವಿನ ವಿಷಯದಲ್ಲಿ ಯಾರು ಸರಿ? ಪ್ರಸಾದದ ಚೂರಿನ ನಂಬಿಕೆ ಬೇರೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ತೋಟದ ಗಿಡದ ಮಟ್ಟಿಗೆ ಹೇಳುವುದಾದರೆ ಅತ್ತೆಯ ಮಾತಿಗೆ ಜಾಸ್ತಿ ತೂಕ. ಬೆತ್ತದ ವಾಸನೆಗೋ ಮುಳ್ಳಿಗೋ ಹಾವು ಓಡಿಹೋಗುವುದಿಲ್ಲ. ಹಾವನ್ನು ಕರೆಯುವ ಗುಣವೂ ಬೆತ್ತಕ್ಕಿಲ್ಲ. ಆದರೆ ಹಿಂಡಿನ ಬುಡದಲ್ಲಿ ತರಗೆಲೆ ಸೇರುತ್ತದೆ, ಮುಳ್ಳಿನ ಭಯಕ್ಕೆ ಯಾರೂ ಗುಡಿಸುವುದಿಲ್ಲ, ನಾಯಿ ಬೆಕ್ಕು ಒಳಗೆ ನುಗ್ಗುವುದಿಲ್ಲ. ಇಲಿಗೆ ಅದಕ್ಕಿಂತ ಭದ್ರ ಜಾಗ ಬೇಕಾ? ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಅದಕ್ಕೇ ಮನೆಯ ಗೋಡೆಯಿಂದ, ದನದ ಹಟ್ಟಿಯಿಂದ, ಬಾವಿಕಟ್ಟೆಯಿಂದ ದೂರ ಇಡಿ ಅನ್ನುವುದು. ಕೆಲವು ನಾಗಬನಗಳಲ್ಲಿ ಬೆತ್ತ ಉಳಿದದ್ದು ಅಲ್ಲಿ ಕತ್ತಿ ಹಾಕುವವರಿಲ್ಲದ ಕಾರಣಕ್ಕೆ. ಅದನ್ನು ನೋಡಿಯೇ ಹಿರಿಯರು ಬೆತ್ತ ಮತ್ತು ಹಾವನ್ನು ಒಟ್ಟಿಗೆ ಸೇರಿಸಿ ಹೇಳುತ್ತಾರೆ ಅಂತ ನನ್ನ ಅಂದಾಜು. ಮನೆಯಲ್ಲಿ ಬೆತ್ತ ನೆಟ್ಟರೆ ದೋಷ ಅಂತ ಅತ್ತೆಯ ಮನಸ್ಸಿನಲ್ಲಿ ಇದ್ದರೆ ವಾದ ಮಾಡಬೇಡಿ. ತೋಡಿನ ಬದಿಯಲ್ಲಿ, ಮನೆಯಿಂದ ದೂರ ಅಂತ ಹೇಳಿ ಒಪ್ಪಿಸಿ.

ಇನ್ನು ಮರ. ತೆಂಗು ಬೇಡವೇ ಬೇಡ. ಈಗಲೇ ತೆಂಗಿನಕಾಯಿ ಕೀಳಲು ಜನ ಸಿಗುವುದು ಕಷ್ಟ. ಬೆತ್ತ ಸುತ್ತಿಕೊಂಡ ಮರಕ್ಕೆ ಯಾರು ಹತ್ತುತ್ತಾರೆ? ಹಲಸು ನೋಡಲಿಕ್ಕೆ ಒಳ್ಳೆಯ ಆಸರೆ, ದಪ್ಪ ಕಾಂಡ, ಒರಟು ತೊಗಟೆ, ಗಟ್ಟಿ ಕೊಂಬೆ. ಆದರೆ ಹಲಸು ಬಿಡುವುದೇ ಕಾಂಡದಲ್ಲಿ. ಬೆತ್ತ ಹತ್ತಿದ ಮೇಲೆ ಗುಜ್ಜೆಯೂ (ಎಳೆ ಹಲಸು) ಇಲ್ಲ, ಹಣ್ಣೂ ಇಲ್ಲ. ಇದ್ದರೂ ಕೈಗೆ ಸಿಗುವುದಿಲ್ಲ. ಗುಜ್ಜೆ ಪಲ್ಯ ಬಿಟ್ಟು ಬೆತ್ತ ಬೇಕು ಅನ್ನುವವರನ್ನು ನಾನಂತೂ ಕಂಡಿಲ್ಲ. ಪಾಲೆ ಮರ ಎತ್ತರಕ್ಕೆ ನೆಟ್ಟಗೆ ಹೋಗುತ್ತದೆ, ಬೆತ್ತಕ್ಕೆ ಸರಿಯಾದ ಏಣಿ. ಅದನ್ನೂ ಬಿಡಿ. ಆಟಿ ಅಮಾವಾಸ್ಯೆ ದಿನ ನಸುಕಿಗೆ, ಕತ್ತಲಲ್ಲಿ, ಕಲ್ಲು ಹಿಡಿದು ಕಷಾಯಕ್ಕೆ ಅದರ ತೊಗಟೆ ತೆಗೆಯಲು ಹೋಗುವವರ ಗತಿ ಏನಾದೀತು ಯೋಚಿಸಿ!

ಉಳಿದದ್ದು ಕಾಟುಮಾವು. ಅದರ ಹಣ್ಣು ತಾನಾಗಿ ಬೀಳುತ್ತದೆ, ಯಾರೂ ಹತ್ತಬೇಕಾಗಿಲ್ಲ. ಮರ ತೋಡಿನ ಬದಿ ಇರುವುದರಿಂದ ಮಣ್ಣು ಆಳ ಇರುತ್ತದೆ, ತಂಪೂ ಇರುತ್ತದೆ. ನೀವು ಹಣ್ಣು ಹೆಕ್ಕುವ ಬದಿ ಯಾವುದೋ ಅದರ ವಿರುದ್ಧ ಬದಿಯಲ್ಲಿ, ಅಂದರೆ ತೋಡಿನ ಕಡೆಗೆ, ಬುಡದಿಂದ ಐದಡಿ ದೂರದಲ್ಲಿ ಒಂದೇ ಒಂದು ಗಿಡ ನೆಡಿ. ಮರದ ಬುಡಕ್ಕೆ ತಾಗಿಸಿ ನೆಟ್ಟರೆ ಮಾವಿನ ಬೇರಿನ ಜೊತೆ ಪೈಪೋಟಿಯಲ್ಲೇ ಗಿಡ ಸೊರಗುತ್ತದೆ.

ಒಂದು ಪರೀಕ್ಷೆ ಮಾಡಬೇಕು. ಬ್ರಹ್ಮಾವರದ ಒಂದು ಬದಿಗೆ ಸೀತಾನದಿ, ಇನ್ನೊಂದು ಬದಿಗೆ ಸ್ವರ್ಣಾ. ಬೇಸಿಗೆಯಲ್ಲಿ ಎರಡರಲ್ಲೂ ಉಪ್ಪುನೀರು ಒಳಗೆ ಬರುತ್ತದೆ, ಕೆಲವು ತೋಡುಗಳಿಗೂ ಹತ್ತುತ್ತದೆ. ಏಪ್ರಿಲ್ ತಿಂಗಳಲ್ಲಿ ನಿಮ್ಮ ತೋಡಿನ ನೀರು ನಾಲಿಗೆಗೆ ಉಪ್ಪು ಹತ್ತಿದರೆ ಅಲ್ಲಿ ಈ ಘಟ್ಟದ ಬೆತ್ತ ನೆಡಬೇಡಿ. ಸಿಹಿನೀರಾದರೆ ತೊಂದರೆ ಇಲ್ಲ. ಮಳೆಗಾಲದಲ್ಲಿ ತೋಡು ಉಕ್ಕಿ ಒಂದೆರಡು ದಿನ ಬುಡಕ್ಕೆ ನೀರು ಬಂದರೂ ತಡೆಯುತ್ತದೆ. ವಾರಗಟ್ಟಲೆ ನೀರು ನಿಲ್ಲುವ ಗುಂಡಿ ಮಾತ್ರ ಆಗದು.

ನೆಡುವ ಕೆಲಸ ಜೂನ್‌ನಲ್ಲಿ, ಮಳೆ ಹಿಡಿದು ಒಂದು ವಾರ ಆದ ಮೇಲೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಮುರಕಲ್ಲು (ಜಂಬಿಟ್ಟಿಗೆ) ಸಿಕ್ಕಿದರೆ ಎರಡಡಿಯಾದರೂ ತೆಗೆಯಿರಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಹೂಕುಂಡದಲ್ಲಿ ನೆಟ್ಟ ಹಾಗಾಗುತ್ತದೆ. ಮೇಲ್ಮಣ್ಣು, ಹಳೇ ಹಟ್ಟಿಗೊಬ್ಬರ, ಒಂದು ಬುಟ್ಟಿ ಸುಡುಮಣ್ಣು ಸೇರಿಸಿ ತುಂಬಿಸಿ. ತೊಟ್ಟೆ ಸೀಳುವಾಗ ಬೇರಿನ ಮಣ್ಣು ಒಡೆಯದ ಹಾಗೆ ನೋಡಿಕೊಳ್ಳಿ. ತೊಟ್ಟೆಯಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೇ ಹೂಳಿ, ಮೇಲೆ ಬೇಡ. ತಾಳೆ ಜಾತಿಗೆ ಬೆಳೆಯುವ ತುದಿ ಒಂದೇ. ಸುಳಿಗೆ ಮಣ್ಣು, ನೀರು ಕೂತು ಕೊಳೆತರೆ ಕಥೆ ಮುಗಿಯಿತು.

ನಮ್ಮಲ್ಲಿ ಮಳೆಗೆ ಬರ ಇಲ್ಲ. ಉಡುಪಿ ಕಡೆ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಬೀಳುತ್ತದೆ. ತೊಂದರೆ ಇರುವುದು ಡಿಸೆಂಬರಿನಿಂದ ಮೇ ತನಕ. ಎಳೆ ಬೆತ್ತ ಸಾಯುವುದು ಮಳೆಗಲ್ಲ, ಮೊದಲ ಎರಡು ಬೇಸಿಗೆಗೆ. ವಾರಕ್ಕೆ ಎರಡು ಸಲ ಒಂದೊಂದು ಕೊಡಪಾನ ನೀರು, ಬುಡಕ್ಕೆ ದಪ್ಪಗೆ ತರಗೆಲೆ. ಎರಡು ಬೇಸಿಗೆ ದಾಟಿದ ಗಿಡ ಆಮೇಲೆ ನಿಮ್ಮನ್ನು ಕೇಳುವುದಿಲ್ಲ. ಗೊಬ್ಬರ ವರ್ಷಕ್ಕೊಮ್ಮೆ ಮಳೆಯ ಆರಂಭಕ್ಕೆ ಒಂದು ಬುಟ್ಟಿ ಹಾಕಿದರೆ ಸಾಕು.

ಮೊದಲ ಒಂದೆರಡು ವರ್ಷ, ಕೆಲವೊಮ್ಮೆ ಮೂರು, ಗಿಡ ಮೇಲೇಳುವುದೇ ಇಲ್ಲ. ಹುಲ್ಲಿನ ಪೊದೆಯ ಹಾಗೆ ಕೂತಿರುತ್ತದೆ. ಇದು ಸತ್ತಿದೆಯೋ ಬದುಕಿದೆಯೋ ಅಂತ ನೀವು ಬೈಯಲು ಶುರು ಮಾಡುತ್ತೀರಿ. ಬೈಯಬೇಡಿ, ಅದು ಬುಡ ಕಟ್ಟುತ್ತಿರುತ್ತದೆ. ಮಾವು, ಹಲಸಿನ ಕಾಂಡ ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತದೆ. ತಾಳೆ ಜಾತಿಗೆ ಆ ಸೌಕರ್ಯ ಇಲ್ಲ. ಎಷ್ಟು ದಪ್ಪ ಬೇಕೋ ಅಷ್ಟನ್ನು ನೆಲದಲ್ಲೇ ಮಾಡಿಕೊಂಡು ಆಮೇಲೆ ಎದ್ದೇಳಬೇಕು. ತೆಂಗಿನ ಸಸಿಯೂ ಹೀಗೇ ಕೂರುತ್ತದಲ್ಲ. ಎಳೆಯದಕ್ಕೆ ಅರ್ಧ ನೆರಳು ಬೇಕು, ಕಾಟುಮಾವು ಅದನ್ನು ಕೊಡುತ್ತದೆ. ಆದರೆ ಪೂರ್ತಿ ಕತ್ತಲಾದರೆ ಬೆತ್ತ ಪೊದೆಯಾಗಿಯೇ ವರ್ಷಗಟ್ಟಲೆ ಉಳಿಯುತ್ತದೆ. ಕಾಡಿನಲ್ಲಿ ಬೆತ್ತದ ಸಸಿಗಳು ಹಾಗೇ ಕಾಯುತ್ತಾ ಇರುತ್ತವೆ, ಯಾವುದೋ ಮರ ಬಿದ್ದು ಬೆಳಕು ಬಂದದ್ದೇ ತಡ, ಏಳುತ್ತವೆ. ಎರಡನೇ ವರ್ಷದ ಕೊನೆಗೆ ಮಾವಿನ ತಗ್ಗಿನ ಒಂದೆರಡು ಗೆಲ್ಲು ಸವರಿ ಮೇಲಿನಿಂದ ಸ್ವಲ್ಪ ಬಿಸಿಲು ಬೀಳುವ ಹಾಗೆ ಮಾಡಿ. ಎದ್ದ ಮೇಲೆ ವರ್ಷಕ್ಕೆ ಒಂದೆರಡು ಮೀಟರ್ ಹೋಗುತ್ತದೆ. ಮೊದಲ ಸಲ ಒಂದು ಕೋಲು ಒರಗಿಸಿ ಮರದ ದಾರಿ ತೋರಿಸಿದರೆ ಸಾಕು.

ಕಡಿಯುವುದು ಯಾವಾಗ ಅಂತ ಕೇಳಿದ್ದೀರಿ. ವರ್ಷ ಲೆಕ್ಕ ಹಾಕುವುದಕ್ಕಿಂತ ಹಾಳೆ ನೋಡಿ. ಬುಡದ ಕಡೆಯ ಹಾಳೆಗಳು ಒಣಗಿ ತಾವಾಗಿ ಉದುರಿ, ಒಳಗಿನ ನುಣ್ಣಗಿನ ಕಾಂಡ ಒಂದಾಳಿಗಿಂತ ಎತ್ತರಕ್ಕೆ ಬೆತ್ತಲೆ ಕಂಡರೆ ಆ ಭಾಗ ಬಲಿತಿದೆ ಅಂತ ಅರ್ಥ. ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ಬೇಕು, ದಪ್ಪ ಜಾತಿಗೆ ಇನ್ನೂ ಜಾಸ್ತಿ. ನಿಮ್ಮದು ಮರಿ ಹಾಕುವ ಜಾತಿಯೋ ಒಂಟಿ ಜಾತಿಯೋ ಅಂತ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಮರಿ ಹಾಕುವ ಜಾತಿಯಾದರೆ ಬಲಿತ ಒಂದೊಂದೇ ಕಡಿಯುತ್ತಾ ಹೋಗಬಹುದು, ಉಳಿದವು ಬೆಳೆಯುತ್ತಾ ಇರುತ್ತವೆ. ಒಂಟಿ ಜಾತಿಯಾದರೆ ಕಡಿದ ದಿನ ಗಿಡದ ಆಯಸ್ಸು ಮುಗಿಯಿತು. ಕಡಿದ ತುಂಡನ್ನು ದಾಸವಾಳದ ಗೆಲ್ಲಿನ ಹಾಗೆ ಊರಿದರೆ ಚಿಗುರುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಕಡಿಯುವುದು ದೊಡ್ಡದಲ್ಲ, ಎಳೆಯುವುದು ದೊಡ್ಡದು. ಮೇಲೆ ನೂರಾರು ಕೊಕ್ಕೆ ಕೊಂಬೆಗಳನ್ನು ಕಚ್ಚಿಕೊಂಡಿರುತ್ತದೆ. ಇಬ್ಬರು ಮೂವರು ಬೇಕು, ದಪ್ಪ ಚರ್ಮದ ಕೈಗವಸು, ಉದ್ದ ತೋಳಿನ ಅಂಗಿ, ಕಾಲಿಗೆ ಬೂಟು, ಕಣ್ಣಿಗೆ ಕನ್ನಡಕ. ಎಳೆದಾಗ ಒಣಗಿದ ಹಾಳೆ, ಮುರಿದ ಗೆಲ್ಲು, ಕೆಂಪಿರುವೆ ಗೂಡು ಎಲ್ಲ ಒಟ್ಟಿಗೆ ತಲೆ ಮೇಲೆ ಬರುತ್ತವೆ. ತುದಿಯ ಎಂಟು ಹತ್ತು ಅಡಿ ಎಳೆಯದು, ಉಪಯೋಗಕ್ಕೆ ಬರುವುದಿಲ್ಲ. ಕೆಲವರು ಅದರ ಒಳಗಿನ ಎಳೆ ಚಿಗುರನ್ನು ಬೇಯಿಸಿ ತಿನ್ನುತ್ತಾರೆ, ಕಹಿ ಇರುತ್ತದೆ. ಮುಳ್ಳು ಚರ್ಮದೊಳಗೆ ಮುರಿದರೆ ಕೆದಕುತ್ತಾ ಕೂರಬೇಡಿ, ಆಳಕ್ಕೆ ಹೋಗಿದ್ದರೆ ಡಾಕ್ಟರಿಗೆ ತೋರಿಸಿ.

ಮಳೆಗಾಲದಲ್ಲಿ ಕಡಿಯಲೇಬೇಡಿ. ಹಸಿ ಬೆತ್ತದಲ್ಲಿ ಸಕ್ಕರೆ, ಪಿಷ್ಟ, ನೀರು ಎಲ್ಲ ಇರುತ್ತದೆ. ಕೆಲವೇ ದಿನದಲ್ಲಿ ಬೂಷ್ಟು ಹಿಡಿದು ಒಳಗೆ ಕಪ್ಪು ನೀಲಿ ಕಲೆ ಬೀಳುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ಕಡಿದು, ಅದೇ ದಿನ ಹಾಳೆ ಬಿಡಿಸಿ, ಹೊಯಿಗೆ (ಮರಳು) ಮತ್ತು ತೆಂಗಿನ ಸಿಪ್ಪೆಯಿಂದ ಉಜ್ಜಿ ತೊಳೆದು, ನೆಟ್ಟಗೆ ನಿಲ್ಲಿಸಿ ಒಣಗಿಸಿ. ಸಪೂರ ಬೆತ್ತಕ್ಕೆ ಇಷ್ಟು ಸಾಕು. ದಪ್ಪ ಬೆತ್ತವನ್ನು ಕಾರ್ಖಾನೆಗಳಲ್ಲಿ ಎಣ್ಣೆಯಲ್ಲಿ ಕುದಿಸಿ ನೀರು, ಮೇಣ ತೆಗೆಯುತ್ತಾರೆ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಬೆಂಕಿಯ ಕೆಲಸ. ಸರಿಯಾಗಿ ಒಣಗದಿದ್ದರೆ ಕುಟ್ಟೆ ಹುಳ ಹಿಡಿದು ಹುಡಿ ಉದುರುತ್ತದೆ. ನಮ್ಮ ಅಜ್ಜಿ ಮನೆಯಲ್ಲಿ ಭತ್ತ ಅಳೆಯುವ ಬೆತ್ತದ ಕಳಸೆ ಇತ್ತು, ಹದಿನಾಲ್ಕು ಸೇರಿನದ್ದು. ಅದಕ್ಕೆ ಕುಟ್ಟೆ ಹಿಡಿದದ್ದು ನಾನು ನೋಡಿಲ್ಲ. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾಗಿ, ಉಗುರಿನಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು.

ಮಾರುವ ಲೆಕ್ಕ ಬಿಟ್ಟುಬಿಡಿ ಅಂತ ನಿಮ್ಮ ಯಜಮಾನರಿಗೆ ಹೇಳಿ. ಒಂದು ಮರದ ಒಂದು ಹಿಂಡಿನಿಂದ ಹತ್ತು ವರ್ಷಕ್ಕೆ ಬರುವ ಬೆತ್ತದಲ್ಲಿ ಒಂದೆರಡು ಸ್ಟೂಲು, ನಾಲ್ಕು ಬುಟ್ಟಿ ಆದೀತು. ಎಳೆಯಲು ಬಂದವರ ಕೂಲಿಗೆ ಅದು ಸಮ ಆಗುವುದಿಲ್ಲ. ಇದು ಇಷ್ಟಕ್ಕೆ ಬೆಳೆಸುವ ಗಿಡ.

ಅರಣ್ಯ ಇಲಾಖೆಯ ವಿಷಯ ಹೀಗೆ. ಸ್ವಂತ ಜಾಗದಲ್ಲಿ ನೆಟ್ಟು ಬೆಳೆಸಿ, ಮನೆಯ ಬಳಕೆಗೆ ಒಂದೆರಡು ಕಡಿದರೆ ತಲೆಬಿಸಿ ಮಾಡಬೇಕಾಗಿಲ್ಲ. ಆದರೆ ಬೆತ್ತ ಕಾಡಿನಲ್ಲೂ ಇರುವ ವಸ್ತು. ಗಾಡಿಯಲ್ಲಿ ಹಾಕಿಕೊಂಡು ಹೋಗುವಾಗ ಇದು ನಿಮ್ಮ ಹಿತ್ತಿಲಿನದ್ದೋ ಮೀಸಲು ಅರಣ್ಯದ್ದೋ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಜಾಗದಿಂದ ಹೊರಗೆ ಸಾಗಿಸುವುದಾದರೆ ಕಡಿಯುವ ಮೊದಲೇ ಪಹಣಿ ಹಿಡಿದುಕೊಂಡು ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ. ನೆಡುವ ದಿನವೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಹತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂದೀತು. ಇನ್ನು ಮುಂದೆ ಗಿಡ ಬೇಕಾದರೆ ಕಾಡಿಗೆ ಹೋಗಿ ಕೀಳುವುದು ಬೇಡ, ಮೀಸಲು ಅರಣ್ಯದಿಂದ ತರುವುದು ಅಪರಾಧ. ಇಲಾಖೆಯ ನರ್ಸರಿಗಳಲ್ಲಿ ವಿಚಾರಿಸಿ. ಬೆತ್ತದ ಬಗ್ಗೆ ನಮ್ಮ ದೇಶದಲ್ಲಿ ಹೆಚ್ಚು ಕೆಲಸ ಆದದ್ದು ಕೇರಳದ ತ್ರಿಶ್ಶೂರಿನ ಹತ್ತಿರ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ. ಘಟ್ಟದ ಗಿಡಮರಗಳನ್ನು ಬೆಳೆದ ರೂಪದಲ್ಲಿ ನೋಡಬೇಕಾದರೆ ಮಂಗಳೂರಿನ ಪಿಲಿಕುಳಕ್ಕೆ ಒಂದು ದಿನ ಹೋಗಿಬನ್ನಿ.

ಬೀಜದ ವಿಷಯ ನೀವು ಕೇಳಿಲ್ಲ, ಆದರೂ ಒಂದು ಮಾತು. ಬೆತ್ತದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ಹೇಳಲಿಕ್ಕೆ ಆಗುವುದಿಲ್ಲ. ಒಂದೇ ಗಿಡ ಇದ್ದು, ಹತ್ತಿರದಲ್ಲಿ ಇನ್ನೊಂದು ಇಲ್ಲದಿದ್ದರೆ ಹಣ್ಣಿನ ಆಸೆ ಬೇಡ. ಹಣ್ಣು ಮಾತ್ರ ನೋಡುವಂಥದ್ದು, ಗೋಲಿಯಷ್ಟು, ಮೈತುಂಬ ಹಾವಿನ ಪರೆಯ ಹಾಗೆ ಒಂದರ ಮೇಲೊಂದು ಚಿಪ್ಪು. ಒಳಗೆ ಬೀಜದ ಸುತ್ತ ತೆಳ್ಳಗೆ ಹುಳಿ ತಿರುಳು. ಉಪ್ಪಿನಕಾಯಿ ಹಾಕುವವರೂ ಇದ್ದಾರೆ. ಯಾರಾದರೂ ಹಣ್ಣು ಕೊಟ್ಟರೆ ಬೀಜ ಒಣಗಿಸಿ ಇಡಬೇಡಿ, ಒಣಗಿದರೆ ಹುಟ್ಟುವುದಿಲ್ಲ. ತಿರುಳನ್ನು ಹೊಯಿಗೆಯಲ್ಲಿ ಉಜ್ಜಿ ತೊಳೆದು, ಆ ವಾರವೇ ನೆರಳಿನಲ್ಲಿ ಒದ್ದೆ ಹೊಯಿಗೆಗೆ ಹಾಕಿ, ತಿಂಗಳುಗಟ್ಟಲೆ ತಾಳ್ಮೆಯಿಂದ ಕಾಯಿರಿ. ನಿಮಗೆ ಹಣ್ಣೇ ಮುಖ್ಯ ಅಂತಾದರೆ ಜಾವಾದ ಸಲಾಕ್ ನೆಡಿ. ಇದೇ ಬಳಗದ್ದು, ಚಿಪ್ಪಿನ ಹಣ್ಣೇ, ಮುಳ್ಳೂ ಇದೆ, ಆದರೆ ಮರ ಹತ್ತುವುದಿಲ್ಲ.

ಇನ್ನು ನಿಮ್ಮ ಮೂರು ಗಿಡದಲ್ಲಿ ಒಂದು ಕಾಟುಮಾವಿಗೆ. ಎರಡನೆಯದನ್ನು ಮೊದಲ ಬೇಸಿಗೆ ದಾಟುವ ತನಕ ದೊಡ್ಡ ತೊಟ್ಟೆಗೆ ಬದಲಿಸಿ, ಬಾವಿಕಟ್ಟೆಯ ನೆರಳಿನಲ್ಲಿ ಇಟ್ಟುಕೊಳ್ಳಿ. ನೆಟ್ಟದ್ದು ಸತ್ತರೆ ಅದೇ ಜಾಗಕ್ಕೆ ಆದೀತು. ತೊಟ್ಟೆಯ ಅಡಿ ಒಡೆದು ಬೇರು ನೆಲಕ್ಕೆ ಇಳಿಯದ ಹಾಗೆ ತಿಂಗಳಿಗೊಮ್ಮೆ ಎತ್ತಿ ಬೇರೆ ಕಡೆ ಇಡಿ, ಮರೆತರೆ ಅದು ಬಾವಿಕಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಮೂರನೆಯದನ್ನು ಕಾರ್ಕಳದ ಕಡೆಯೋ ಹೆಬ್ರಿಯ ಕಡೆಯೋ, ಎರಡೆಕ್ರೆ ಗುಡ್ಡೆ ಇರುವ ಯಾರಾದರೂ ಪರಿಚಯದವರಿಗೆ ಕೊಟ್ಟುಬಿಡಿ. ಕೊಡುವಾಗ ಚಾಟಿಯ ವಿಷಯ ಹೇಳುವುದು ಮರೆಯಬೇಡಿ.